ಪುಕ್ಕಟೆ ತಂತ್ರಾಂಶ ಕೈಗೆ ಯಾಕೆ ಒಗ್ಗುವುದಿಲ್ಲ?

ಫೋಟೋಶಾಪಿನಲ್ಲಿ ಕಂಟ್ರೋಲ್ ಕೀಲಿಯ ಜೊತೆ ಟಿ ಒತ್ತಿದರೆ ಚಿತ್ರದ ಸುತ್ತ ಒಂದು ಚೌಕಟ್ಟು ಮೂಡುತ್ತದೆ. ಅದರ ಮೂಲೆ ಹಿಡಿದು ಎಳೆದರೆ ಚಿತ್ರ ಹಿಗ್ಗುತ್ತದೆ, ಒಳಕ್ಕೆ ತಳ್ಳಿದರೆ ಕುಗ್ಗುತ್ತದೆ. ಗಿಂಪ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಅದೇ ಎರಡು ಕೀಲಿ ಒತ್ತಿ ನೋಡಿ. ಚೌಕಟ್ಟು ಬರುವುದಿಲ್ಲ, ಬದಲಿಗೆ, ನೀವು ಗುರುತು ಮಾಡಿಕೊಂಡಿದ್ದ ಭಾಗದ ಸುತ್ತ ಓಡಾಡುತ್ತಿದ್ದ ಚುಕ್ಕೆಗೆರೆ ಮಾಯವಾಗುತ್ತದೆ. ಸೆಲೆಕ್ಷನ್ ಎಲ್ಲಿಗೂ ಹೋಗಿರುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಅದನ್ನು ತೆಗೆದುಹಾಕೋಣವೆಂದು ಫೋಟೋಶಾಪಿನ ರೂಢಿಯಂತೆ ಕಂಟ್ರೋಲ್ ಮತ್ತು ಡಿ ಒತ್ತಿದರೆ ಇಡೀ ಚಿತ್ರದ್ದೇ ಇನ್ನೊಂದು ನಕಲು ತೆರೆದುಕೊಳ್ಳುತ್ತದೆ. ಗಾಬರಿಯಲ್ಲಿ ಇನ್ನೂ ನಾಲ್ಕು ಸಲ ಒತ್ತಿದರೆ ಇನ್ನೂ ನಾಲ್ಕು ನಕಲು. ಮದುವೆ ಆಲ್ಬಮ್ ಮಾಡುವ ಸ್ಟುಡಿಯೊದವರು, ಫ್ಲೆಕ್ಸ್ ಅಂಗಡಿಯವರು, ಡಿಟಿಪಿ ಕೆಲಸದವರು ಒಮ್ಮೆ ಗಿಂಪ್ ಹಾಕಿಕೊಂಡು, ಸಂಜೆಯೊಳಗೆ ತೆಗೆದುಹಾಕಿ, ಬಿಟ್ಟಿ ಸಿಕ್ಕಿದ್ದರ ಹಣೆಬರಹವೇ ಇಷ್ಟು ಎಂದುಬಿಡುವುದು ಇಂಥ ಕಾರಣಗಳಿಗಾಗಿ. ಆ ತೀರ್ಪಿನಲ್ಲಿ ಮೂರು ಬೇರೆ ಬೇರೆ ದೂರುಗಳು ಕಲಸಿಕೊಂಡಿವೆ: ಇದು ನನ್ನ ಅಭ್ಯಾಸಕ್ಕೆ ಹೊಂದುವುದಿಲ್ಲ ಎನ್ನುವುದು ಒಂದು, ಇದು ನಿಜಕ್ಕೂ ಕಷ್ಟವಾಗಿದೆ ಎನ್ನುವುದು ಇನ್ನೊಂದು, ಪುಕ್ಕಟೆಯಾದ್ದರಿಂದಲೇ ಕಷ್ಟವಾಗಿದೆ ಎನ್ನುವುದು ಮೂರನೆಯದು. ಮೊದಲನೆಯದು ಬಹುಪಾಲು ನಿಜ. ಎರಡನೆಯದರಲ್ಲೂ ಸಾಕಷ್ಟು ಹುರುಳಿದೆ. ಮೂರನೆಯದು ಮಾತ್ರ ತಪ್ಪು ಎಂಬುದು ಈ ಲೇಖನದ ವಾದ. ತಂತ್ರಾಂಶವೊಂದು ಸುಲಭವಾಗುವುದು ಅದರ ಬೆಲೆಯಿಂದಲ್ಲ. ಅದನ್ನು ಯಾರಿಗಾಗಿ ಮಾಡುತ್ತಿದ್ದೇವೆ ಎಂದು ನಿರ್ಧರಿಸಿ, ಅವರು ಕೆಲಸ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡುವವರು ಇದ್ದಾರೋ ಇಲ್ಲವೋ ಎಂಬುದರಿಂದ.

ಫೋಟೋಶಾಪಿನ ಹುಟ್ಟಿನಲ್ಲೇ ಅಂಥ ಒಬ್ಬರಿದ್ದರು. 1987ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡುತ್ತಿದ್ದ ಥಾಮಸ್ ನೋಲ್ ತಮ್ಮ ಮ್ಯಾಕಿಂಟಾಷ್ ಕಂಪ್ಯೂಟರಿನ ಕಪ್ಪುಬಿಳುಪು ಪರದೆಯ ಮೇಲೆ ಬೂದುಬಣ್ಣದ ಛಾಯೆಗಳನ್ನು ತೋರಿಸಲು ಒಂದು ಪುಟ್ಟ ಪ್ರೋಗ್ರಾಂ ಬರೆದರು. ಅವರ ಸಹೋದರ ಜಾನ್ ನೋಲ್ ಸಿನಿಮಾಗಳಿಗೆ ವಿಶೇಷ ಪರಿಣಾಮಗಳನ್ನು ಮಾಡಿಕೊಡುವ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯಲ್ಲಿದ್ದವರು. ಚಿತ್ರ ತಿದ್ದುವುದೇ ಅವರ ಹೊಟ್ಟೆಪಾಡು. ಇದು ಬೇಕು, ಅದು ಬೇಕು ಎಂದು ಕೇಳಿ ಕೇಳಿ ಸಹೋದರನ ಪ್ರೋಗ್ರಾಮನ್ನು ಬೆಳೆಸಿದವರು ಅವರೇ. ಅಡೋಬಿ ಕಂಪನಿ ಅದರ ಹಕ್ಕು ಪಡೆದು 1990ರ ಫೆಬ್ರವರಿಯಲ್ಲಿ ಫೋಟೋಶಾಪ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಗಿಂಪ್ ಹುಟ್ಟಿದ ಪರಿ ಬೇರೆ. 1995ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ಅದನ್ನು ಶುರುಮಾಡಿದರು. 1996ರಲ್ಲಿ ಎಲ್ಲರಿಗೂ ಸಿಗುವಂತೆ ಹೊರಬಿಟ್ಟರು. ಇಬ್ಬರೂ ಪ್ರೋಗ್ರಾಮರ್‌ಗಳು. ಕಿಟಕಿ, ಗುಂಡಿ, ಮೆನುಗಳನ್ನು ಮೂಡಿಸಲು ಆಗ ಬಳಕೆಯಲ್ಲಿದ್ದ ಮೋಟಿಫ್ ಎಂಬ ಸಲಕರಣೆ ಅವರಿಗೆ ಹಿಡಿಸಲಿಲ್ಲ. ತಮ್ಮದೇ ಒಂದನ್ನು ಕಟ್ಟಿಕೊಂಡರು. ಜಿಟಿಕೆ ಎಂಬ ಆ ಸಲಕರಣೆಯ ಮೇಲೆಯೇ ಮುಂದೆ ಲಿನಕ್ಸ್ ಜಗತ್ತಿನ ದೊಡ್ಡ ಡೆಸ್ಕ್‌ಟಾಪ್ ಆದ ಗ್ನೋಮ್ ನಿಂತಿತು. ಒಂದು ಚಿತ್ರ ತಿದ್ದುವ ತಂತ್ರಾಂಶಕ್ಕೆ ಇದಕ್ಕಿಂತ ದೊಡ್ಡ ಕೀರ್ತಿ ಬೇಕೆ? ಆದರೆ ಎರಡು ಹುಟ್ಟುಗಳ ವ್ಯತ್ಯಾಸ ಇಲ್ಲೇ ಕಾಣುತ್ತದೆ. ಫೋಟೋಶಾಪನ್ನು ಬೆಳೆಸಿದ ಅತೃಪ್ತಿ ಚಿತ್ರಗಾರನದು, ಗಿಂಪನ್ನು ಬೆಳೆಸಿದ ಅತೃಪ್ತಿ ಪ್ರೋಗ್ರಾಮರನದು. ಓದು ಮುಗಿಸಿದ ಮೇಲೆ ಕಿಂಬಲ್ ಮತ್ತು ಮ್ಯಾಟಿಸ್ ಯೋಜನೆಯಿಂದ ಹೊರಬಂದರು. ಕೆಲಸ ಸ್ವಯಂಸೇವಕರ ಪಾಲಾಯಿತು.

ಮೊದಲು ಅಭ್ಯಾಸದ ಮಾತು ಮುಗಿಸೋಣ. ಬಳಕೆಯ ಸುಲಭತೆಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1998ರಲ್ಲೇ ಒಂದು ವ್ಯಾಖ್ಯೆ ಕೊಟ್ಟಿದೆ. ಇಂಥ ಬಳಕೆದಾರರು, ಇಂಥ ಸಂದರ್ಭದಲ್ಲಿ, ಇಂಥ ಗುರಿಯನ್ನು ಎಷ್ಟು ಸರಿಯಾಗಿ, ಎಷ್ಟು ಕಡಿಮೆ ಶ್ರಮದಲ್ಲಿ, ಎಷ್ಟು ತೃಪ್ತಿಯಿಂದ ಮುಟ್ಟುತ್ತಾರೆ ಎಂಬುದು ಅದರ ಸಾರ. ಯಾರಿಗೆ ಎಂದು ಹೇಳದೆ ಸುಲಭ ಎಂದರೆ ಆ ವ್ಯಾಖ್ಯೆಯ ಪ್ರಕಾರ ಏನೂ ಹೇಳಿದಂತಾಗುವುದಿಲ್ಲ. ಕನ್ನಡ ಬೆರಳಚ್ಚು ಬಲ್ಲವರಿಗೆ ಇದು ಹೊಸ ಸಂಗತಿಯೇನಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಕೈ ಪಳಗಿದವರಿಗೆ ಇನ್‌ಸ್ಕ್ರಿಪ್ಟ್ ವಿನ್ಯಾಸ ಕೊಟ್ಟರೆ ಒಂದು ಸಾಲು ಮೂಡಿಸಲೂ ತಿಣುಕಬೇಕಾಗುತ್ತದೆ, ಇನ್‌ಸ್ಕ್ರಿಪ್ಟಿನವರಿಗೂ ಅಷ್ಟೆ. ಯಾವುದೂ ಕೆಟ್ಟ ವಿನ್ಯಾಸವಲ್ಲ, ಬೆರಳು ಕಲಿತ ಪಾಠ ಬೇರೆ. ನಮ್ಮ ಊರುಗಳಲ್ಲಿ ಡಿಟಿಪಿ ಕೋರ್ಸ್ ಎಂದರೆ ದಶಕಗಳ ಕಾಲ ಪೇಜ್‌ಮೇಕರ್, ಕೋರೆಲ್‌ಡ್ರಾ, ಫೋಟೋಶಾಪ್ ಎಂದೇ ಅರ್ಥ. ಅದಕ್ಕೂ ಮಿಗಿಲಾಗಿ, ಇಲ್ಲಿ ಫೋಟೋಶಾಪ್ ಹರಡಿದ್ದು ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಪೆಟ್ಟಿಗೆಗಳಿಂದಲ್ಲ, ಕೈಯಿಂದ ಕೈಗೆ ದಾಟಿದ ಕಳ್ಳಪ್ರತಿಗಳಿಂದ. ಗಿಂಪ್‌ಗೆ ಇಲ್ಲಿ ಎದುರಾಳಿಯಾಗಿದ್ದದ್ದು ದುಬಾರಿ ಫೋಟೋಶಾಪ್ ಅಲ್ಲ, ಅದೂ ಪುಕ್ಕಟೆಯೇ ಆಗಿದ್ದ ಫೋಟೋಶಾಪ್. ಬೆಲೆಯ ಅನುಕೂಲವೊಂದೇ ಬಂಡವಾಳವಾಗಿದ್ದವನಿಗೆ ಆ ಅನುಕೂಲವೂ ಸಿಗಲಿಲ್ಲ.

ಅಭ್ಯಾಸವೊಂದೇ ಸಮಸ್ಯೆಯಾಗಿದ್ದರೆ ಪರಿಹಾರವೂ ಸರಳವಾಗಿರಬೇಕಿತ್ತು: ಗಿಂಪಿನ ಮೆನುಗಳನ್ನು ಫೋಟೋಶಾಪಿನಂತೆ ಜೋಡಿಸಿದರಾಯಿತು. ಅದನ್ನು ಮಾಡಿಯೂ ನೋಡಿದ್ದಾರೆ. 2005ರಲ್ಲಿ ಬಂದ ಗಿಂಪ್‌ಶಾಪ್ ಎಂಬ ರೂಪಾಂತರ ಹೆಸರು, ಮೆನು ಎಲ್ಲವನ್ನೂ ಫೋಟೋಶಾಪಿಗೆ ಹತ್ತಿರ ತಂದಿತು. ಅದು ಬಾಳಲಿಲ್ಲ. ಗುಂಡಿಯ ಹೆಸರು ಬದಲಾದರೂ ಗುಂಡಿ ಒತ್ತಿದಾಗ ಒಳಗೆ ನಡೆಯುವುದು ಹಳೆಯದೇ ಆಗಿತ್ತು. ಇದಕ್ಕೆ ತದ್ವಿರುದ್ಧ ಉದಾಹರಣೆ ಫೋಟೋಪೀ. ಇವಾನ್ ಕುಟ್ಸ್‌ಕಿರ್ ಎಂಬ ಒಬ್ಬನೇ ಪ್ರೋಗ್ರಾಮರ್ ಕಟ್ಟಿದ, ಬ್ರೌಸರಿನೊಳಗೇ ನಡೆಯುವ, ಜಾಹೀರಾತಿನ ಮೇಲೆ ಬದುಕುವ ತಂತ್ರಾಂಶ ಅದು. ಅದರ ಶಾರ್ಟ್‌ಕಟ್‌ಗಳು, ಲೇಯರ್‌ಗಳು (ಚಿತ್ರದ ಪದರಗಳು), ಅಡ್ಜಸ್ಟ್‌ಮೆಂಟ್‌ಗಳು ಎಲ್ಲವೂ ಫೋಟೋಶಾಪಿನ ರೀತಿಯವು; ಫೋಟೋಶಾಪಿನ ಪಿಎಸ್‌ಡಿ ಕಡತವನ್ನೂ ತೆರೆಯುತ್ತದೆ. ಫೋಟೋಶಾಪ್ ಬಲ್ಲವರು ಅದರಲ್ಲಿ ಕೂತ ದಿನವೇ ಕೆಲಸ ಮಾಡಬಲ್ಲರು. ಗಿಂಪಿನಂಥ ಮುಕ್ತ ತಂತ್ರಾಂಶದ ಪಕ್ಷದವರು ಈ ಉದಾಹರಣೆಯನ್ನು ಸ್ವಲ್ಪ ಮುಜುಗರದಿಂದಲಾದರೂ ಒಪ್ಪಬೇಕು. ಇದರ ಮೂಲಸಂಕೇತ ಮುಕ್ತವಲ್ಲ, ನಿಜ. ಆದರೆ ನೂರಾರು ಕೈಗಳಿಂದ ಆಗದ್ದು ಒಂದು ಜೋಡಿ ಕೈಯಿಂದ ಆಯಿತು. ಕಾರಣ ಜಾಣತನ ಮಾತ್ರವಲ್ಲ. ತನ್ನ ಬಳಕೆದಾರ ಯಾರು ಎಂಬ ಬಗ್ಗೆ ಆತನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ: ಫೋಟೋಶಾಪ್ ಗೊತ್ತಿರುವ, ಆದರೆ ಈ ಕ್ಷಣ ಅದು ಕೈಯಲ್ಲಿಲ್ಲದ ಮನುಷ್ಯ.

ಇನ್ನು ಎರಡನೆಯ ದೂರು. ಫೋಟೋಶಾಪನ್ನು ಕಣ್ಣಲ್ಲೂ ಕಾಣದವರನ್ನು ಗಿಂಪಿನ ಮುಂದೆ ಕೂರಿಸಿದರೂ ಕೆಲವು ಜಾಗಗಳಲ್ಲಿ ಎಡವಿಯೇ ಎಡವುತ್ತಾರೆ. ಒಂದು ವೃತ್ತ ಬರೆಯಬೇಕು ಎಂದುಕೊಳ್ಳಿ. 3.0 ಆವೃತ್ತಿಯಲ್ಲೂ ಗಿಂಪಿನಲ್ಲಿ ಅದಕ್ಕೊಂದು ಪ್ರತ್ಯೇಕ ಸಲಕರಣೆ ಇರಲಿಲ್ಲ. ವೃತ್ತಾಕಾರದಲ್ಲಿ ಸೆಲೆಕ್ಷನ್ ಮಾಡಿ, ಎಡಿಟ್ ಮೆನುವಿಗೆ ಹೋಗಿ, ಆ ಸೆಲೆಕ್ಷನ್‌ನ ಅಂಚಿಗೆ ಗೆರೆ ಎಳೆಯುವಂತೆ ಹೇಳಿ, ಗೆರೆಯ ದಪ್ಪ ನಮೂದಿಸಬೇಕು. ತರ್ಕ ಸರಿಯಾಗಿದೆ, ಆದರೆ ಆ ತರ್ಕ ಹೊಳೆಯಬೇಕಾದರೆ ಸೆಲೆಕ್ಷನ್ ಎಂದರೇನು ಎಂಬ ತತ್ತ್ವ ಮೊದಲೇ ತಿಳಿದಿರಬೇಕು. ಪ್ರತಿ ಲೇಯರ್‌ಗೂ ತನ್ನದೇ ಎಲ್ಲೆಯಿರುವುದು ಇನ್ನೊಂದು. ಎಲ್ಲೆಯಾಚೆ ಬ್ರಷ್ ಆಡಿಸಿದರೆ ಬಣ್ಣ ಹತ್ತುವುದಿಲ್ಲ, ಏಕೆ ಹತ್ತುವುದಿಲ್ಲ ಎಂದು ತಂತ್ರಾಂಶ ಬಾಯಿಬಿಟ್ಟು ಹೇಳುವುದೂ ಇಲ್ಲ. ಒಂದು ಚಿತ್ರವನ್ನು ನಕಲು ಮಾಡಿ ಅಂಟಿಸಿದರೆ ಅದು ಲೇಯರೂ ಅಲ್ಲದ, ಲೇಯರ್ ಅಲ್ಲದ್ದೂ ಅಲ್ಲದ ತೇಲುವ ಸೆಲೆಕ್ಷನ್ ಆಗಿ ತ್ರಿಶಂಕು ಸ್ಥಿತಿಯಲ್ಲಿ ನಿಲ್ಲುತ್ತಿತ್ತು. ತೇಲುವ ಸೆಲೆಕ್ಷನ್ ಎಂಬ ಈ ಒಂದು ಸಂಗತಿ ಎಷ್ಟು ಹೊಸಬರನ್ನು ಗಿಂಪಿನಿಂದ ಓಡಿಸಿರಬಹುದೋ! ಸಲಕರಣೆಪೆಟ್ಟಿಗೆ, ಚಿತ್ರ, ಲೇಯರ್ ಪಟ್ಟಿ ಮೂರೂ ಬೇರೆ ಬೇರೆ ಕಿಟಕಿಗಳಾಗಿ ಪರದೆಯ ತುಂಬ ಚೆಲ್ಲಾಡುತ್ತಿದ್ದದ್ದು ಇನ್ನೊಂದು ಹಳೆಯ ಗೋಳು. ಎಲ್ಲವನ್ನೂ ಒಂದೇ ಕಿಟಕಿಗೆ ತರುವ ಆಯ್ಕೆ 2012ರ 2.8 ಆವೃತ್ತಿಯಲ್ಲಿ ಬಂತು, ತಾನಾಗಿಯೇ ಹಾಗೆ ತೆರೆದುಕೊಳ್ಳುವ ಏರ್ಪಾಡಿಗೆ 2018ರ 2.10 ಬರಬೇಕಾಯಿತು.

ಇವೆಲ್ಲಕ್ಕಿಂತ ದೊಡ್ಡ ಕೊರತೆ ಮೇಲ್ನೋಟಕ್ಕೆ ಬಳಕೆಯ ಸುಲಭತೆಗೆ ಸಂಬಂಧಿಸಿದ್ದೆಂದೇ ಅನ್ನಿಸುವುದಿಲ್ಲ. ಮದುವೆ ಫೋಟೋ ತಿದ್ದುವವರ ಹತ್ತಿರ ಗಿರಾಕಿ ಬಂದು, ಇದನ್ನು ಸ್ವಲ್ಪ ಬೆಳಕು ಮಾಡಿ ಅನ್ನುತ್ತಾರೆ. ಮಾಡಿದ ಮೇಲೆ, ಅದರ ಮೇಲೆ ಹೆಸರು ಬರೆದು ಹೂವಿನ ಚೌಕಟ್ಟು ಹಾಕಿದ ಮೇಲೆ, ಇಷ್ಟೊಂದು ಬೆಳಕು ಬೇಡವಿತ್ತು ಅನ್ನುತ್ತಾರೆ. ಫೋಟೋಶಾಪಿನಲ್ಲಿ ಬೆಳಕಿನ ತಿದ್ದುಪಡಿ ಬೇರೆಯೇ ಪದರವಾಗಿ ಮೂಲಚಿತ್ರದ ಮೇಲೆ ಕೂತಿರುತ್ತದೆ. ಅದೊಂದನ್ನೇ ತೆರೆದು ಸ್ವಲ್ಪ ಇಳಿಸಿದರೆ ಮುಗಿಯಿತು. ಅಡ್ಜಸ್ಟ್‌ಮೆಂಟ್ ಲೇಯರ್ ಎಂಬ ಈ ಅನುಕೂಲ ಫೋಟೋಶಾಪಿಗೆ 1996ರ 4.0 ಆವೃತ್ತಿಯಲ್ಲೇ ಬಂತು. ಗಿಂಪಿನಲ್ಲಿ ಬೆಳಕು ಹೆಚ್ಚಿಸಿದರೆ ಮೂಲಚಿತ್ರದ ಚುಕ್ಕಿಗಳೇ ಬದಲಾಗುತ್ತಿದ್ದವು. ಹಿಂದಕ್ಕೆ ಹೋಗಬೇಕೆಂದರೆ ಆಮೇಲೆ ಮಾಡಿದ ಕೆಲಸವನ್ನೆಲ್ಲ ರದ್ದು ಮಾಡುತ್ತ ಹೋಗಬೇಕು, ಇಲ್ಲವೇ ಮುಂಜಾಗ್ರತೆಯಾಗಿ ಲೇಯರಿನ ನಕಲು ಇಟ್ಟುಕೊಂಡಿರಬೇಕು. ಮೂಲವನ್ನು ಕೆಡಿಸದೆ ತಿದ್ದುವ ಸೌಲಭ್ಯ ಗಿಂಪಿಗೆ ದಕ್ಕಿದ್ದು 2025ರ ಮಾರ್ಚಿನಲ್ಲಿ ಬಂದ 3.0 ಆವೃತ್ತಿಯಲ್ಲಿ. ಮಧ್ಯೆ ಇಪ್ಪತ್ತೊಂಬತ್ತು ವರ್ಷಗಳ ಅಂತರ. ಮನಸ್ಸು ಬದಲಾಯಿಸಲು ಬಿಡದ ತಂತ್ರಾಂಶ ಎಷ್ಟೇ ಚೆಂದದ ಗುಂಡಿಗಳನ್ನು ಇಟ್ಟುಕೊಂಡಿದ್ದರೂ ಬಳಕೆಗೆ ಸುಲಭವಲ್ಲ, ಏಕೆಂದರೆ ಚಿತ್ರ ತಿದ್ದುವ ಕೆಲಸವೆಂದರೆ ಮುಕ್ಕಾಲು ಪಾಲು ಮನಸ್ಸು ಬದಲಾಯಿಸುವುದೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕಾದ್ದೇ. ಒಂದು ರೂಪಾಯಿಯೂ ತೆಗೆದುಕೊಳ್ಳದೆ, ಬಿಡುವಿನ ವೇಳೆಯಲ್ಲಿ ಬೆರಳೆಣಿಕೆಯ ಜನ ದುಡಿದು ಕೊಟ್ಟದ್ದಕ್ಕೆ ಹೆಸರಿಡುವುದು ಯಾವ ನ್ಯಾಯ? 2024ರ ಆರ್ಥಿಕ ವರ್ಷದಲ್ಲಿ ಅಡೋಬಿಯ ಆದಾಯ 2,100 ಕೋಟಿ ಡಾಲರಿಗೂ ಮೇಲು. ಗಿಂಪಿನ ಬೆನ್ನಿಗೆ ಕಂಪನಿಯೇ ಇಲ್ಲ. ದೇಣಿಗೆ, ಒಂದಿಷ್ಟು ಪ್ರೋತ್ಸಾಹಧನ, ಉಳಿದದ್ದೆಲ್ಲ ಸ್ವಂತ ಉತ್ಸಾಹ. ಮೂಲವನ್ನು ಕೆಡಿಸದೆ ತಿದ್ದುವ ಸೌಲಭ್ಯ ತರಲು ಅಷ್ಟು ವರ್ಷ ಹಿಡಿದದ್ದಕ್ಕೆ ಇದು ಒಪ್ಪತಕ್ಕ ಉತ್ತರ. ವೃತ್ತ ಬರೆಯುವ ಸಲಕರಣೆ ಇಲ್ಲದ್ದಕ್ಕೆ ಇದು ಉತ್ತರವಾಗುವುದಿಲ್ಲ. ಅದಕ್ಕಿಂತ ಹತ್ತು ಪಟ್ಟು ಜಟಿಲವಾದ ಫಿಲ್ಟರ್‌ಗಳನ್ನು, ಪ್ಲಗಿನ್‌ಗಳನ್ನು ಇದೇ ಸ್ವಯಂಸೇವಕರ ಲೋಕ ಬರೆದಿದೆ. ಚಿತ್ರದಲ್ಲಿನ ಬೇಡದ ವಸ್ತುವನ್ನು ಅಳಿಸಿ ಹಿನ್ನೆಲೆಯನ್ನು ತಾನೇ ತುಂಬಿಕೊಡುವ ಸೌಲಭ್ಯ ಫೋಟೋಶಾಪಿನಲ್ಲಿ 2010ರಲ್ಲಿ ಬಂದಾಗ ಜಗತ್ತು ಬೆರಗಾಯಿತು. ಪಾಲ್ ಹ್ಯಾರಿಸನ್ ಬರೆದ ರೀಸಿಂಥಸೈಜರ್ ಎಂಬ ಗಿಂಪ್ ಪ್ಲಗಿನ್ ಅದಕ್ಕೂ ಎಷ್ಟೋ ವರ್ಷ ಮೊದಲೇ ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತಿತ್ತು. ಗೊತ್ತಿದ್ದವರಿಗೆ ಮಾತ್ರ ಗೊತ್ತಿತ್ತು. ಪ್ರತಿಭೆಯ ಬರವಿರಲಿಲ್ಲ. ಮುಕ್ತ ತಂತ್ರಾಂಶದಲ್ಲಿ ಪ್ರತಿಯೊಬ್ಬನೂ ತನಗೆ ತುರಿಸಿದ ಜಾಗವನ್ನು ಕೆರೆದುಕೊಳ್ಳುತ್ತಾನೆ. ವೃತ್ತ ಬರೆಯುವ ವಕ್ರಮಾರ್ಗ ಪ್ರೋಗ್ರಾಮರಿಗೆ ಬಾಯಿಪಾಠವಾಗಿರುವಾಗ ಅಲ್ಲಿ ತುರಿಕೆಯೇ ಏಳುವುದಿಲ್ಲ. ಹೊಸಬನಿಗೆ ಏಳುತ್ತದೆ, ಆದರೆ ಅವನಿಗೆ ಪ್ರೋಗ್ರಾಂ ಬರೆಯಲು ಬರುವುದಿಲ್ಲ.

ಬಳಸುವವರೇ ದುಡ್ಡು, ಕೆಲಸಗಾರರ ಸಮೇತ ಬಾಗಿಲಿಗೆ ಬಂದರೆ? ಅದೂ ಒಮ್ಮೆ ನಡೆದಿದೆ. 1990ರ ದಶಕದ ಕೊನೆಯಲ್ಲಿ ರಿದಮ್ ಅಂಡ್ ಹ್ಯೂಸ್ ಮುಂತಾದ ಹಾಲಿವುಡ್ ಸ್ಟುಡಿಯೊಗಳಿಗೆ ಸಿನಿಮಾ ಫ್ರೇಮುಗಳನ್ನು ತಿದ್ದಲು ಗಿಂಪ್ ಬೇಕಾಗಿತ್ತು. ಗಿಂಪ್ ಆಗ ಪ್ರತಿ ಬಣ್ಣಕ್ಕೆ 8 ಬಿಟ್‌ಗಳಷ್ಟೇ ಸೂಕ್ಷ್ಮತೆ ಹೊಂದಿತ್ತು, ಸಿನಿಮಾಕ್ಕೆ 16 ಬಿಟ್ ಬೇಕು. ಅವರ ಪ್ರೋಗ್ರಾಮರ್‌ಗಳೇ ಅದಕ್ಕಾಗಿ ಗಿಂಪಿನದೇ ಒಂದು ಶಾಖೆಯನ್ನು ಕಟ್ಟಿದರು. ಮುಖ್ಯ ಯೋಜನೆ ಅದನ್ನು ಸೇರಿಸಿಕೊಳ್ಳಲಿಲ್ಲ. ಚಿತ್ರ ಸಂಸ್ಕರಿಸುವ ಹೊಸ ಎಂಜಿನ್ ಬರಲಿ, ಎಲ್ಲ ಒಟ್ಟಿಗೆ ಸರಿಮಾಡೋಣ ಎಂದಿತು. ಸಿನಿಮಾದವರ ಶಾಖೆ ಫಿಲ್ಮ್ ಗಿಂಪ್ ಎಂದೂ ಮುಂದೆ ಸಿನೆಪೇಂಟ್ ಎಂದೂ ಬೇರೆಯಾಗಿ ಹೋಯಿತು. ಗೆಗಲ್ ಎಂಬ ಆ ಹೊಸ ಎಂಜಿನಿನ ಕೆಲಸ ಶುರುವಾದದ್ದು 2000ದಲ್ಲಿ, ಅದರ ಫಲವಾಗಿ ಹೆಚ್ಚಿನ ಬಿಟ್‌ಗಳ ಸೌಲಭ್ಯ ಸಾಮಾನ್ಯ ಬಳಕೆದಾರರ ಕೈಸೇರಿದ್ದು 2018ರಲ್ಲಿ. ತಾಂತ್ರಿಕವಾಗಿ ಆ ನಿರ್ಧಾರ ಸರಿಯೇ ಇದ್ದಿರಬಹುದು. ಆದರೆ ಚಿತ್ರವನ್ನೇ ಕಸುಬಾಗಿಸಿಕೊಂಡವರು ಪಕ್ಕದಲ್ಲಿ ಕೂತು ಬೇಕುಬೇಡಗಳನ್ನು ಹೇಳುವ ಅವಕಾಶ, ಫೋಟೋಶಾಪಿಗೆ ಹುಟ್ಟಿನಲ್ಲೇ ಸಿಕ್ಕಿದ್ದು, ಗಿಂಪಿನ ಕೈತಪ್ಪಿತು.

ವಿನ್ಯಾಸಕಾರರೇ ಇರಲಿಲ್ಲ ಎಂದೇನೂ ಅಲ್ಲ. 2006ರಿಂದ ಪೀಟರ್ ಸಿಕ್ಕಿಂಗ್ ಎಂಬ ಬಳಕೆ ವಿನ್ಯಾಸದ ಪರಿಣತರು ಗಿಂಪ್ ತಂಡದ ಜೊತೆ ದುಡಿದರು. 2.8ರಲ್ಲಿ ಬಂದ ಒಂದು ದೊಡ್ಡ ಬದಲಾವಣೆ ಆ ಚಿಂತನೆಯ ಫಲ. ಅಲ್ಲಿಂದ ಮುಂದೆ ಸೇವ್ ಎಂದರೆ ಗಿಂಪಿನ ಸ್ವಂತ ಎಕ್ಸ್‌ಸಿಎಫ್ ಕಡತ ಮಾತ್ರ. ಜೆಪೆಗ್ ಬೇಕೆಂದರೆ ಎಕ್ಸ್‌ಪೋರ್ಟ್ ಮಾಡಬೇಕು. ಲೇಯರ್‌ಗಳನ್ನು ಮರೆತು ಜೆಪೆಗ್ ಆಗಿ ಉಳಿಸಿ ಕೆಲಸ ಕಳೆದುಕೊಳ್ಳುವವರನ್ನು ಕಾಪಾಡುವ ಈ ಕ್ರಮ ಗಂಭೀರ ಕಸುಬುದಾರರಿಗೆ ಸರಿ. ಆದರೆ ಗಿಂಪ್ ತೆರೆಯುತ್ತಿದ್ದವರಲ್ಲಿ ಒಂದು ಫೋಟೋ ಕತ್ತರಿಸಿ ಅದೇ ಹೆಸರಿನಲ್ಲಿ ಉಳಿಸಿ ಎದ್ದುಹೋಗುವವರೂ ಬೇಕಾದಷ್ಟಿದ್ದರು. ಅವರು ಸಿಟ್ಟಾದರು, ತಂಡ ಪಟ್ಟು ಸಡಿಲಿಸಲಿಲ್ಲ. ತಮಾಷೆಯೆಂದರೆ 2021ರಲ್ಲಿ ಫೋಟೋಶಾಪ್ ಕೂಡ ಸೇವ್ ಆ್ಯಸ್ ಪಟ್ಟಿಯಿಂದ ಜೆಪೆಗ್ ಮುಂತಾದವನ್ನು ತೆಗೆದು ಬೇರೆ ಆದೇಶಕ್ಕೆ ಸೇರಿಸಿತು. ಅಲ್ಲೂ ಅದೇ ಗದ್ದಲ. ಅಡೋಬಿ ಹೆಚ್ಚು ತಡಮಾಡದೆ, ಹಳೆಯ ಕ್ರಮವೇ ಬೇಕೆನ್ನುವವರಿಗೆ ಸೆಟಿಂಗ್ಸ್‌ನಲ್ಲಿ ಒಂದು ಆಯ್ಕೆ ಇಟ್ಟಿತು. ಇಬ್ಬರೂ ಮಾಡಿದ ತಪ್ಪು ಒಂದೇ ಬಗೆಯದು, ತಪ್ಪು ಎನ್ನುವುದಾದರೆ. ಆದರೆ ಒಬ್ಬರಿಗೆ ಬಳಕೆದಾರ ಮುನಿಸಿಕೊಂಡರೆ ನಷ್ಟವಿತ್ತು, ಇನ್ನೊಬ್ಬರಿಗೆ ಇರಲಿಲ್ಲ.

ಹಾಗಾದರೆ ದುಡ್ಡಿನ ಭಯವಿಲ್ಲದ ಕಡೆ ಸುಲಭತೆ ಹುಟ್ಟುವುದೇ ಇಲ್ಲವೆ? ಹುಟ್ಟುತ್ತದೆ ಎನ್ನಲು ಎರಡು ಗಟ್ಟಿ ಸಾಕ್ಷಿಗಳಿವೆ. ಮೊದಲನೆಯದು ಕ್ರಿಟಾ. ಇದೂ ಮುಕ್ತ ತಂತ್ರಾಂಶ, ಇದೂ ಒಂದು ಕಾಲಕ್ಕೆ ಫೋಟೋಶಾಪಿನ ಬದಲಿಯಾಗಲು ಹೊರಟು ಎಲ್ಲಿಗೂ ಮುಟ್ಟದೆ ಒದ್ದಾಡುತ್ತಿದ್ದದ್ದು. 2009ರ ಆಸುಪಾಸಿನಲ್ಲಿ ಅದರ ತಂಡ ಫೋಟೋ ತಿದ್ದುವ ಆಸೆಯನ್ನು ಕೈಬಿಟ್ಟು, ಇದು ಚಿತ್ರ ಬರೆಯುವ ಕಲಾವಿದರಿಗೆ ಎಂದು ತೀರ್ಮಾನಿಸಿತು. ಡೇವಿಡ್ ರಿವಾಯ್ ಅವರಂಥ ಚಿತ್ರಕಾರರು ಅದರಲ್ಲೇ ಕೆಲಸ ಮಾಡುತ್ತ, ಎಲ್ಲಿ ಕೈ ತಡೆಯುತ್ತದೆ ಎಂದು ಹೇಳುತ್ತ ಹೋದರು. ಇವತ್ತು ಪೆನ್ ಟ್ಯಾಬ್ಲೆಟ್ ಹಿಡಿದ ಚಿತ್ರಕಾರ ಕ್ರಿಟಾ ತೆರೆದರೆ ಬಲಗುಂಡಿ ಒತ್ತಿದಲ್ಲೇ ಬ್ರಷ್‌ಗಳು, ಬಣ್ಣಗಳು ದುಂಡಗೆ ಅರಳಿಕೊಳ್ಳುತ್ತವೆ. ಕಣ್ಣು ಚಿತ್ರ ಬಿಟ್ಟು ಕದಲಬೇಕಿಲ್ಲ. ಎರಡನೆಯ ಸಾಕ್ಷಿ ಬ್ಲೆಂಡರ್. ಮೂರು ಆಯಾಮದ ಚಿತ್ರ, ಅನಿಮೇಷನ್ ಮಾಡುವ ಈ ತಂತ್ರಾಂಶದ ಒಡೆಯ ಕಂಪನಿ ಮುಳುಗಿದಾಗ, 2002ರಲ್ಲಿ ಬಳಕೆದಾರರೇ ಒಂದು ಲಕ್ಷ ಯೂರೊ ಕೂಡಿಹಾಕಿ ಅದನ್ನು ಬಿಡಿಸಿಕೊಂಡು ಮುಕ್ತಗೊಳಿಸಿದರು. ಅದರ ಕಷ್ಟ ಗಿಂಪಿಗಿಂತ ಕುಖ್ಯಾತವಾಗಿತ್ತು. ಲೋಕವೆಲ್ಲ ಎಡಗುಂಡಿಯಿಂದ ವಸ್ತುಗಳನ್ನು ಆರಿಸಿಕೊಂಡರೆ ಬ್ಲೆಂಡರಿನಲ್ಲಿ ಬಲಗುಂಡಿ ಒತ್ತಬೇಕಿತ್ತು! ಆದರೆ ಅದರ ಆಗಿನ ಮುಖ್ಯಸ್ಥ ಟಾನ್ ರೂಸೆಂಡಾಲ್ ಒಂದು ಉಪಾಯ ಹೂಡಿದರು. ಕಲಾವಿದರನ್ನೂ ಪ್ರೋಗ್ರಾಮರ್‌ಗಳನ್ನೂ ಒಂದೇ ಕಡೆ ಕೂರಿಸಿ, ಬ್ಲೆಂಡರಿನಿಂದಲೇ ಕಿರುಚಿತ್ರಗಳನ್ನು ಮಾಡಿಸಿದರು. 2006ರಲ್ಲಿ ಎಲಿಫೆಂಟ್ಸ್ ಡ್ರೀಮ್, 2008ರಲ್ಲಿ ಬಿಗ್ ಬಕ್ ಬನ್ನಿ, 2010ರಲ್ಲಿ ಸಿಂಟೆಲ್. ಪ್ರತಿ ಚಿತ್ರದಲ್ಲೂ ಎಡವಿದ ಜಾಗಗಳು ಮುಂದಿನ ಆವೃತ್ತಿಯಲ್ಲಿ ಸರಿಯಾಗುತ್ತ ಬಂದವು. 2019ರ ಜುಲೈನಲ್ಲಿ ಬಂದ 2.80 ಆವೃತ್ತಿ ಹೊಸ ಮುಖ ಹೊತ್ತು, ಎಡಗುಂಡಿಗೂ ಶರಣಾಗಿ ಬಂತು. 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಗೆದ್ದ ಲಾಟ್ವಿಯಾದ ಗಿಂಟ್ಸ್ ಜಿಲ್ಬಾಲೋಡಿಸ್ ಅವರ ಫ್ಲೋ ತಯಾರಾದದ್ದು ಬ್ಲೆಂಡರಿನಲ್ಲಿ.

ಬ್ಲೆಂಡರಿಗೆ ದೊಡ್ಡ ಕಂಪನಿಗಳ ದುಡ್ಡಿದೆಯಲ್ಲ ಎನ್ನಬಹುದು. ಇದೆ. ಎಪಿಕ್ ಗೇಮ್ಸ್ 12 ಲಕ್ಷ ಡಾಲರ್ ಘೋಷಿಸಿತು. ಘೋಷಿಸಿದ್ದು ಯಾವಾಗ? 2019ರ ಜುಲೈನಲ್ಲಿ, 2.80 ಬಂದ ತಿಂಗಳಲ್ಲೇ. ಹೊಸ ರೂಪ ಕಟ್ಟಿದ ಮೇಲೆ ದೊಡ್ಡ ದುಡ್ಡು ಬಂತು. ದೊಡ್ಡ ದುಡ್ಡಿನಿಂದ ಹೊಸ ರೂಪ ಬಂದದ್ದಲ್ಲ. ಅದಕ್ಕೂ ಮುಂಚೆ ಚಂದಾ, ದೇಣಿಗೆಗಳ ಆಸರೆ ಇತ್ತೆಂಬುದು ನಿಜ, ಮತ್ತು ಕೂಲಿ ಕೊಟ್ಟು ಕೆಲಸಗಾರರನ್ನು ಇಟ್ಟುಕೊಳ್ಳದೆ ಇದೆಲ್ಲ ಆಗುತ್ತಿರಲಿಲ್ಲ ಎಂಬುದೂ ನಿಜ. ಆದರೆ ಆ ಆಸರೆ ಸಿಕ್ಕಿದ್ದಾದರೂ ತಂತ್ರಾಂಶ ಯಾರದು, ಯಾವ ಕೆಲಸಕ್ಕೆ ಎಂಬುದು ಕೊಡುವವರ ಕಣ್ಣಿಗೆ ಕಾಣುತ್ತಿದ್ದುದರಿಂದ.

ಈಗ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಫೋಟೋಶಾಪ್ ಸುಲಭ ಎಂಬುದು ಅದನ್ನು ಆಗಲೇ ಕಲಿತವರ ಮಾತು. ಹೊಸಬರಿಗೆ ಅದು ಕಗ್ಗಾಡು. ಆದ್ದರಿಂದಲೇ ಅಡೋಬಿ 2001ರಲ್ಲಿ ಎಲಿಮೆಂಟ್ಸ್ ಎಂಬ ಸರಳ ರೂಪ ತಂದಿತು; ಆದ್ದರಿಂದಲೇ 2013ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಕ್ಯಾನ್ವಾ, ಲೇಯರ್ ಎಂದರೇನೆಂದು ತಿಳಿಯದವರೂ ಆಮಂತ್ರಣ ಪತ್ರಿಕೆ ಮಾಡಿಕೊಳ್ಳುವಂತೆ ಮಾಡಿ ಜಗತ್ತನ್ನೇ ಗೆದ್ದಿತು. ಇನ್ನು ಮಾರುವ ಕಂಪನಿಗಳ ಸುಲಭತೆ ಎಲ್ಲ ಕಡೆ ಒಂದೇ ಸಮನಾಗಿ ಹರಡಿರುವುದಿಲ್ಲ. 2013ರಲ್ಲಿ ಅಡೋಬಿ ಹೊಸ ಆವೃತ್ತಿಗಳನ್ನು ಒಂದೇ ಸಲಕ್ಕೆ ಮಾರುವುದನ್ನು ಬಿಟ್ಟು ಬರೀ ಚಂದಾ ಪದ್ಧತಿಗೆ ಹೊರಳಿತು. 2024ರ ಜೂನ್‌ನಲ್ಲಿ ಫೆಡರಲ್ ಟ್ರೇಡ್ ಕಮಿಷನ್ನಿನ ಶಿಫಾರಸಿನ ಮೇಲೆ ಅಮೆರಿಕದ ಸರ್ಕಾರ, ಅವಧಿಗೆ ಮುನ್ನ ಬಿಟ್ಟರೆ ಬೀಳುವ ಶುಲ್ಕವನ್ನು ಮರೆಮಾಚಿದೆ, ಚಂದಾ ರದ್ದುಮಾಡುವ ದಾರಿಯನ್ನು ಬೇಕೆಂದೇ ಕಠಿಣ ಮಾಡಿದೆ ಎಂದು ಆರೋಪಿಸಿ ಅಡೋಬಿಯ ಮೇಲೆ ದಾವೆ ಹೂಡಿತು. ಒಳಗೆ ಬರುವ ಬಾಗಿಲು ಹೇಗಿದೆ ಎಂದು ನೋಡುವವರು ಹೊರಗೆ ಹೋಗುವ ಬಾಗಿಲನ್ನೂ ನೋಡಬೇಕು. ಪುಕ್ಕಟೆ ಎಂಬ ಮಾತಿಗೂ ಇದು ಅನ್ವಯಿಸುತ್ತದೆ. ಬ್ರಿಟನ್ನಿನ ಸೆರಿಫ್ ಕಂಪನಿಯ ಅಫಿನಿಟಿ ತಂತ್ರಾಂಶವನ್ನು ಕ್ಯಾನ್ವಾ 2024ರಲ್ಲಿ ಕೊಂಡು 2025ರ ಅಕ್ಟೋಬರಿನಲ್ಲಿ ಪುಕ್ಕಟೆ ಮಾಡಿತು. ನಯವಾದ, ಒಳ್ಳೆಯ ಸಲಕರಣೆ. ಆದರೆ ಅದು ಒಡೆಯರ ಔದಾರ್ಯ, ಹಿಂತೆಗೆದುಕೊಳ್ಳಬಹುದಾದ್ದು. ಗಿಂಪನ್ನು ಯಾರೂ ಹಿಂತೆಗೆದುಕೊಳ್ಳಲಾರರು.

ಕನ್ನಡದವರಿಗೆ ಇದರಲ್ಲಿ ನೇರ ಸಂಬಂಧದ ಇನ್ನೊಂದು ಸಂಗತಿಯಿದೆ. ಚಿತ್ರದ ಮೇಲೆ ಯೂನಿಕೋಡ್ ಕನ್ನಡ ಬರೆದರೆ ಹಳೆಯ ಫೋಟೋಶಾಪಿನಲ್ಲಿ ಒತ್ತಕ್ಷರಗಳು ಕೂಡಿಕೊಳ್ಳುತ್ತಿರಲಿಲ್ಲ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಆಸ್ಕಿ ಅಕ್ಷರಗಳಿಗೆ ನಮ್ಮ ಮುದ್ರಣಲೋಕ ಅಷ್ಟು ಕಾಲ ಅಂಟಿಕೊಂಡದ್ದಕ್ಕೆ ಅದೂ ಒಂದು ಕಾರಣ. ಆಮೇಲೆ ಸೌಲಭ್ಯ ಬಂತಾದರೂ ಅಕ್ಷರ ಎಂಜಿನ್ ಯಾವುದಿರಬೇಕೆಂದು ಸೆಟಿಂಗ್ಸ್‌ನಲ್ಲಿ ಹುಡುಕಿ ಬದಲಾಯಿಸಬೇಕಾದ ಕಾಲವೊಂದಿತ್ತು. ಗಿಂಪಿನಲ್ಲಿ ಅಂಥ ಹುಡುಕಾಟವಿಲ್ಲದೆ ಕನ್ನಡ ಸರಿಯಾಗಿ ಮೂಡುತ್ತದೆ. ಕಾರಣ, ಅದು ಆಸರೆ ಪಡೆಯುವ ಪ್ಯಾಂಗೊ, ಹಾರ್ಫ್‌ಬಜ್ ಎಂಬ ಮುಕ್ತ ಸಲಕರಣೆಗಳು ಎಲ್ಲ ಲಿಪಿಗಳನ್ನೂ ಸರಿಯಾಗಿ ಜೋಡಿಸುವ ಒಂದೇ ಗುರಿಯಿಂದ ಹುಟ್ಟಿದವು. ಗುರಿ ಸ್ಪಷ್ಟವಿದ್ದಲ್ಲಿ ಮುಕ್ತ ತಂತ್ರಾಂಶ ಏನು ಮಾಡಬಲ್ಲದು ಎಂಬುದಕ್ಕೆ ಇನ್ನೇನು ಬೇಕು? ಹಾರ್ಫ್‌ಬಜ್ ಇವತ್ತು ಆಂಡ್ರಾಯ್ಡ್ ಫೋನುಗಳಲ್ಲಿದೆ, ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿದೆ, ಕೊನೆಗೆ ಫೋಟೋಶಾಪಿನ ಒಳಗೂ ಇದೆ.

ಆದ್ದರಿಂದ ಯಾವುದನ್ನು ಬಳಸಬೇಕು ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಕೆಲಸ ಏನೆಂಬುದರ ಮೇಲೆ ನಿಂತಿದೆ. ಮದುವೆ ಆಲ್ಬಮ್‌ಗಳ ಸಿದ್ಧ ಪಿಎಸ್‌ಡಿ ಮಾದರಿಗಳನ್ನು ಇಟ್ಟುಕೊಂಡು ದಿನಕ್ಕೆ ಹತ್ತಾರು ಪುಟ ಹೊರಡಿಸುವ ಸ್ಟುಡಿಯೊಗೆ ಫೋಟೋಶಾಪೇ ಸರಿ. ಆ ಮಾದರಿಗಳು ಗಿಂಪಿನಲ್ಲಿ ತೆರೆದುಕೊಂಡರೂ ಎಲ್ಲವೂ ಇದ್ದಂತೆ ಬರುತ್ತವೆಂಬ ಖಾತರಿಯಿಲ್ಲ. ಆಫ್‌ಸೆಟ್ ಮುದ್ರಣಕ್ಕಾಗಿ ನಾಲ್ಕು ಶಾಯಿಗಳ ಸಿಎಂವೈಕೆ ಬಣ್ಣಗಳಲ್ಲೇ ಕೆಲಸ ಮಾಡುವವರಿಗೂ ಹಾಗೆಯೇ. ಗಿಂಪ್ 3.0 ಮುದ್ರಣದಲ್ಲಿ ಬಣ್ಣ ಹೇಗೆ ಬರುತ್ತದೆಂದು ತೋರಿಸುತ್ತದೆ, ಸಿಎಂವೈಕೆ ಕಡತವಾಗಿ ಹೊರಗೆ ಕೊಡಲೂಬಲ್ಲದು, ಆದರೆ ಆ ಬಣ್ಣಗಳಲ್ಲೇ ತಿದ್ದಲು ಬಿಡುವುದಿಲ್ಲ. ಚಿತ್ರ ಬರೆಯುವವರಿಗೆ ಕ್ರಿಟಾ ಇರುವಾಗ ಬೇರೆ ಯೋಚನೆಯೇ ಬೇಡ. ಪಾಸ್‌ಪೋರ್ಟ್ ಫೋಟೋ, ಹಳೆಯ ಚಿತ್ರಗಳ ದುರಸ್ತಿ, ಶಾಲೆಯ ಭಿತ್ತಿಪತ್ರ, ಯೂಟ್ಯೂಬ್ ಮುಖಚಿತ್ರ, ಲೇಖನಗಳಿಗೆ ಬೇಕಾದ ಚಿತ್ರಗಳು ಇಷ್ಟೇ ಇದ್ದರೆ ಗಿಂಪ್ 3 ಧಾರಾಳವಾಗಿ ಸಾಕು. ಅಂಟಿಸಿದ ಚಿತ್ರ ಈಗ ಹೊಸ ಲೇಯರ್ ಆಗಿಯೇ ಬರುತ್ತದೆ, ಬ್ರಷ್ ಆಡಿಸಿದಂತೆ ಲೇಯರಿನ ಎಲ್ಲೆ ತಾನಾಗಿ ಹಿಗ್ಗುವ ಆಯ್ಕೆಯೂ ಇದೆ. ಹೊಸದಾಗಿ ಕಲಿಯುವ ಮಕ್ಕಳಿಗಂತೂ ಹಳೆಯ ಅಭ್ಯಾಸದ ಭಾರವೇ ಇಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಐಟಿ ಪಾಠದಲ್ಲಿ ಗಿಂಪನ್ನೇ ಕಲಿಸುತ್ತಿವೆ. ನಮ್ಮ ಶಾಲೆಗಳೂ ಡಿಟಿಪಿ ತರಬೇತಿ ಕೇಂದ್ರಗಳೂ ಕನಿಷ್ಠ ಎರಡನ್ನೂ ಕಲಿಸಬಹುದು. ಫೋಟೋಶಾಪಿನಿಂದ ಬರುವವರು ಫೋಟೋಗಿಂಪ್ ಎಂಬ ಸಿದ್ಧ ಜೋಡಣೆಯನ್ನು ಹಾಕಿಕೊಂಡರೆ ಶಾರ್ಟ್‌ಕಟ್‌ಗಳು ಪರಿಚಿತವಾಗುತ್ತವೆ, ಅಥವಾ ಸೆಟಿಂಗ್ಸ್‌ನಲ್ಲಿ ಕಂಟ್ರೋಲ್-ಟಿಯನ್ನು ತಾವೇ ಬದಲಾಯಿಸಿಕೊಳ್ಳಬಹುದು. ಎಲ್ಲಾದರೂ ಎಡವಿದರೆ, ಇದು ಫೋಟೋಶಾಪಿನಂತಿಲ್ಲ ಎಂದು ಬೈದು ಸುಮ್ಮನಾಗಬೇಡಿ. ಏನು ಮಾಡಲು ಹೊರಟಿದ್ದಿರಿ, ಯಾವ ಗುಂಡಿ ಒತ್ತಿದಿರಿ, ಏನಾಗುತ್ತದೆಂದು ಎಣಿಸಿದ್ದಿರಿ, ಏನಾಯಿತು ಎಂದು ನಾಲ್ಕು ಸಾಲು ಬರೆದು ಗಿಂಪ್ ತಂಡದ ದೂರುಪಟ್ಟಿಗೆ ಸೇರಿಸಿ. ಹಣ ಕೊಡಲಾಗದವರೂ ಕೊಡಬಹುದಾದ ದೇಣಿಗೆ ಅದು.